ರೇಷ್ಮೆ ಕೈಯ ಕತ್ತಿ

ಕತ್ತಿ ಅಪ್ಪನ ಗಂಟಲ ಬಳಿ ಬಂದಾಗ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ಕತ್ತಿ ಹಿಡಿದ ಕೈ ತರಗೆಲೆಯಂತೆ ನಡುಗುತ್ತಿತ್ತು.

ಕುರ್ಚಿಯಲ್ಲಿ ಒರಗಿದ್ದ ಅಪ್ಪ ನಿವೃತ್ತ ರೈಲು ಚಾಲಕ. ಕತ್ತಿ ಹಿಡಿದವನು ಅವನ ಬಾಲ್ಯದ ಗೆಳೆಯ, ಊರಿನ ಕ್ಷೌರಿಕ. ನಿದ್ದೆ ಹೋದ ಮಗುವಿನ ಕೂದಲನ್ನೂ ಎಚ್ಚರವಾಗದಂತೆ ಕತ್ತರಿಸುತ್ತಿದ್ದನಂತೆ. ಅದಕ್ಕೇ ಊರು ಅವನನ್ನು ‘ರೇಷ್ಮೆ ಕೈ’ ಎನ್ನುತ್ತಿತ್ತು. ಈಗ ಆ ಕೈಗೆ ಟೀ ಕೊಟ್ಟರೆ ಅರ್ಧ ಬಾಯಿಗೆ, ಅರ್ಧ ಅಂಗಿಗೆ.

ಕತ್ತಿ ಇಳಿಯಿತು, ಏರಿತು, ದವಡೆಯ ತಿರುವು ದಾಟಿತು. ಹಾಲಿನಂಥ ನೊರೆ ಬಂತೇ ಹೊರತು ಒಂದು ಹನಿ ರಕ್ತ ಬರಲಿಲ್ಲ.

ಮಗಳ ಹೊಲಿಗೆ ಅಂಗಡಿ ಪಕ್ಕದಲ್ಲೇ ಇತ್ತು. ಹೃದಯದ ಆಪರೇಷನ್ ಆದ ಮೇಲೆ ಅಪ್ಪ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುತ್ತಿದ್ದ. ಸಣ್ಣ ಗೀರಾದರೂ ನೆತ್ತರು ಬೇಗ ನಿಲ್ಲದು, ಹುಷಾರು ಎಂದು ಡಾಕ್ಟರು ಎಚ್ಚರಿಸಿದ್ದರು.

“ಅಪ್ಪ, ನಾಳೆಯಿಂದ ಮನೇಲೇ ಬೋಳಿಸ್ಕೋ.”

“ನಂಗೆಲ್ಲಿ ಬರುತ್ತೆ? ಮೀಸೆ ಚಿಗುರಿದಾಗಿಂದ ಈ ಕೆನ್ನೆಗೆ ಅವನ ಕತ್ತಿ ಬಿಟ್ಟು ಇನ್ನೊಂದು ತಾಗಿಲ್ಲ.” ಅಪ್ಪ ಕೆನ್ನೆ ಸವರಿಕೊಂಡ. “ಅವನ ಹತ್ರ ಇರೋದು ಹಳೇ ಕಾಲದ ಉಕ್ಕು ಕಣೇ. ಒಳ್ಳೇ ಅಲಗು ಕೆನ್ನೆ ಮೇಲೆ ಹಾಡುತ್ತೆ, ಕೆಟ್ಟದ್ದು ಗೊಣಗುತ್ತೆ. ಕಣ್ಣು ಮುಚ್ಚಿಕೊಂಡೇ ಹೇಳ್ತೀನಿ.”

ವಯಸ್ಸಾದಂತೆ ಅಪ್ಪನ ಚಾಳಿಗಳು ಹೆಚ್ಚುತ್ತಿದ್ದವು. ಬೆಳಿಗ್ಗೆ ಬಚ್ಚಲು ಹೊಕ್ಕರೆ ಚಿಲಕ ತೆಗೆಯುತ್ತಿರಲಿಲ್ಲ. ನಲ್ಲಿ ಸುರಿಯುತ್ತಿರುತ್ತಿತ್ತು, ಅದರ ಮೇಲೆ ಅಪಸ್ವರದ ಹಾಡು ಬೇರೆ. ಹೊರಗೆ ಹೊರಟರೆ ಸುಡುಬಿಸಿಲಲ್ಲೂ ಮೂಗಿನವರೆಗೆ ಮಫ್ಲರ್. ಕೇಳಿದರೆ ‘ಶೀತ’.

ಅವಳು ರೇಷ್ಮೆ ಕೈಯನ್ನೇ ಕೇಳಿದಳು. “ಮಾಮ, ಇನ್ನು ಸಾಕು ಮಾಡಿ. ಭಯ ಆಗುತ್ತೆ.”

ಅವನು ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಸರ್ ಸರ್ ಎಳೆಯುತ್ತಿದ್ದ. “ಬೇರೆಯವರೆಲ್ಲ ಯಾವಾಗಲೋ ಜಾರಿಕೊಂಡ್ರು ಮಗಳೇ. ನಿಮ್ಮಪ್ಪ ಬರ್ತಾನೆ ಅಂತಲೇ ನಾನು ಎದ್ದು ಸ್ನಾನ ಮಾಡಿ ಈ ಬಾಗಿಲು ತೆಗೆಯೋದು.” ಅವನ ಧ್ವನಿ ಇಳಿಯಿತು. “ನನ್ನ ಕತ್ತಿಯಿಂದ ಅವನಿಗೆ ಗಾಯ ಆಗಲ್ಲ. ಆಣೆ ಮಾಡ್ತೀನಿ.”

ನಡುಗುವ ಕೈಯ ಆಣೆ! ಅವಳು ನಂಬಲಿಲ್ಲ. ಬಾಯಿಮಾತಿಗೆ ಬಗ್ಗದವರನ್ನು ಬೇರೆ ದಾರಿಯಲ್ಲೇ ಬಗ್ಗಿಸಬೇಕು.

ಮಧ್ಯಾಹ್ನ ಅವನು ಟೀ ಕುಡಿಯಲು ಹೋದಾಗ ಅವಳು ಒಳಗೆ ನುಸುಳಿದಳು. ಡ್ರಾಯರಿನಲ್ಲಿ ಮಡಚುವ ಕತ್ತಿಗಳು ಸಾಲಾಗಿ ಮಲಗಿದ್ದವು. ಅಪ್ಪನಿಗೆ ಬಳಸುವ ಕತ್ತಿ ಕೊಂಬಿನ ಹಿಡಿಯದು, ಆದರೆ ಅಂಥವು ಎರಡಿದ್ದವು. ಬೆಳಕಿಗೆ ಹಿಡಿದಳು. ಒಂದರ ಅಲಗಿನ ಬುಡದಲ್ಲಿ ಸವೆದ ಮೀನಿನ ಮುದ್ರೆ. ಅಪ್ಪ ಸಾವಿರ ಸಲ ಹೊಗಳಿದ ಮೀನು! ಅದೇ.

ಕತ್ತಿಯ ಬಾಯಿ ಮುಟ್ಟಿ ನೋಡುವ ಧೈರ್ಯವಾಗಲಿಲ್ಲ. ಅಲಗನ್ನು ಹೇಗೆ ಹಾಳು ಮಾಡಬೇಕೆಂದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಕತ್ತರಿಯಲ್ಲಿ ಯಾರಾದರೂ ಕಾಗದ ಕತ್ತರಿಸಿದರೆ ರಣಚಂಡಿಯಾಗುವವಳು. ಹಿತ್ತಲಿನ ಸಿಮೆಂಟು ಮೆಟ್ಟಿಲಿಗೆ ಅದನ್ನು ಗರಗರ ಉಜ್ಜಿದಳು. ಕೂದಲು ಬರದಿದ್ದರೆ ಅಪ್ಪ ತಾನಾಗಿಯೇ ಬೇರೆ ದಾರಿ ಹಿಡಿಯುತ್ತಾನೆ, ಗೆಳೆತನಕ್ಕೂ ಕುಂದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮರುದಿನ ಅಪ್ಪ ಹೊಲಿಗೆ ಅಂಗಡಿಗೆ ಇಣುಕಿದ. ಕೆನ್ನೆ ಸುಲಿದ ಬಾಳೆಹಣ್ಣು.

“ಇವತ್ತು ಹೇಗಿತ್ತಪ್ಪ?” ಅವಳು ಕೇಳಿದಳು.

“ಅಬ್ಬಾ, ಏನು ಹರಿತ ಅಂತೀಯ! ಹಾಡಿತು ಕಣೇ, ಹಾಡಿತು!”

ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ರಾತ್ರೋರಾತ್ರಿ ಸಾಣೆ ಹಿಡಿದನೇ? ಮಧ್ಯಾಹ್ನ ಮತ್ತೆ ನುಸುಳಿದಳು. ಈ ಸಲ ತೋಳು ಸೋಲುವಷ್ಟು ಉಜ್ಜಿ, ಜೇಬಿನಿಂದ ನೂಲು ತೆಗೆದು ಎಳೆದು ಹಿಡಿದು ಕುಯ್ದಳು. ನೂಲು ಅಲುಗಿತು, ತುಂಡಾಗಲಿಲ್ಲ. ಬೆಣ್ಣೆ ಕಂಡರೂ ಈ ಕತ್ತಿ ಹೆದರಬೇಕು. ಸಮಾಧಾನದಿಂದ ಮನೆಗೆ ಹೋದಳು.

ಮರುದಿನವೂ ಕೆನ್ನೆ ಬಾಳೆಹಣ್ಣೇ.

ಅಪ್ಪ ಅತ್ತ ಹೋದದ್ದೇ ತಡ, ಅವಳು ಇತ್ತ ನುಗ್ಗಿದಳು. ರೇಷ್ಮೆ ಕೈ ನೊರೆಯ ಬಟ್ಟಲು ತೊಳೆಯುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಅವನೇ ಕೇಳಿದ.

“ಮೆಟ್ಟಿಲ ಮೇಲೆ ಗೀರು ಬಿದ್ದಿದೆ. ನಿನ್ನ ಕೆಲಸ ತಾನೇ?”

ಅವಳ ಮುಖ ಬಿಳಿಚಿತು. “ಅಪ್ಪನಿಗೆ ಏನಾದ್ರೂ ಆಗುತ್ತೆ ಅಂತ… ತಪ್ಪಾಯ್ತು ಮಾಮ. ಒಳ್ಳೇ ಕತ್ತಿ ಹಾಳು ಮಾಡಿಬಿಟ್ಟೆ.”

“ನೀನೇನು ಹಾಳು ಮಾಡಿದೆ? ಹಾಳಾಗೋಕೆ ಏನಾದ್ರೂ ಉಳಿದಿದ್ರೆ ತಾನೇ!” ಅವನು ಬಟ್ಟಲನ್ನು ಕವುಚಿಟ್ಟ. “ಕೈ ನಡುಗೋಕೆ ಶುರುವಾದ ದಿನವೇ ಅದರ ಬಾಯಿಯನ್ನ ಕಲ್ಲಿಗೆ ತೇದು ಮುಗಿಸಿಬಿಟ್ಟೆ. ನಿಮ್ಮಪ್ಪನ ಕುತ್ತಿಗೆಗಿಂತ ನನಗೆ ಕತ್ತಿ ದೊಡ್ಡದಾ?”

ಅವಳು ಕುರ್ಚಿಯಲ್ಲಿ ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಧಾನವಾಗಿ ಹುಬ್ಬು ಗಂಟಿಕ್ಕಿತು.

“ಹಾಗಾದ್ರೆ… ಗಡ್ಡ ಹೋಗೋದು ಹೇಗೆ?”

ರೇಷ್ಮೆ ಕೈ ಬೀದಿಯ ಕಡೆ ಕತ್ತು ಚಾಚಿ, ಗೆಳೆಯ ದೂರ ಹೋದನೆಂದು ಖಾತ್ರಿ ಮಾಡಿಕೊಂಡು, ಅವಳ ಕಿವಿಯ ಹತ್ತಿರ ಬಗ್ಗಿದ.

“ನನ್ನ ಮನಸ್ಸಿಗೆ ನೋವಾಗಬಾರದು ಅಂತ ನಿಮ್ಮಪ್ಪ ದಿನಾ ಮನೇಲೇ ನುಣ್ಣಗೆ ಬೋಳಿಸ್ಕೊಂಡು ಬಂದು ಇಲ್ಲಿ ಕೂರ್ತಾನೆ, ಅದು ನನಗೆ ಗೊತ್ತು ಅಂತ ಮಾತ್ರ ಅವನಿಗೆ ಹೇಳಬೇಡಮ್ಮ.”