ಹನ್ನೆರಡು ಸೇರು ಪಾಪಕಾರ್ನ್

"ಬೀಗರ, ನಾಳೆ ಯಾವ ಗಾಡಿ ತಗೊಂಡ ಬರ್ತೀರಿ?" ಅಂತ ಅಂದಾನಪ್ಪ ಫೋನಿನ್ಯಾಗ ಕೇಳಿದ. ಹೆಂಡತಿ ಶಾರದವ್ವ ಬಾಜೂಕ ಕಿವಿ ಹಚ್ಚಿ ನಿಂತಿದ್ಲು. ಆ ಕಡೆ ಹಿರೇವಡ್ಡಟ್ಟಿಯೊಳಗ ಮಗಳ ಮಾವ ಉಡಚಪ್ಪ, "ಇನ್ನೂ ನಿಕ್ಕಿ ಆಗಿಲ್ರಿ. ಯಾಕ್ರಿ?" ಅಂದ. "ಏನಿಲ್ರಿ, ಹಂಗ ಕೇಳಿದೆ" ಅಂತ ಅಂದಾನಪ್ಪ ಫೋನ್ ಇಟ್ಟ.

ಖರೆ ಅಂದ್ರ ಅವಗ ಬೇಕಾಗಿದ್ದು ಎಷ್ಟ ಮಂದಿ ಬರ್ತಾರ ಅನ್ನೂದು. ಆದ್ರ ಬೀಗರನ್ನ ಹಂಗ ಕೇಳೂದಂದ್ರ ಕಡಿಮಿ ಮಂದಿ ಬರ್ರಿ ಅಂದಂಗ. ತಮ್ಮ ಬೆಟಗೇರ್ಯಾಗ ಆ ಒಂದ ಮಾತಿಗೆ ಎರಡು ಮನಿತನ ಹನ್ನೊಂದು ವರ್ಷದಿಂದ ಮಾತು ಬಿಟ್ಟಾವು. ಗಾಡಿ ಗೊತ್ತಾದ್ರ ಲೆಕ್ಕ ತಾನ ಸಿಗತೈತಿ. ಬೈಕ್ ಆದ್ರ ಮೂರು, ಟಂಟಂ ಆದ್ರ ಹದಿನಾಲ್ಕು. ನಿಶ್ಚಯಕ್ಕ "ಐದ ಮಂದಿ ಬರ್ತೀವ್ರಿ" ಅಂದಿದ್ದ ಉಡಚಪ್ಪ ಟ್ರ್ಯಾಕ್ಟರ್ ತಂದಿದ್ದ. ನಲವತ್ತು ಮಂದಿ ಇಳದ್ರು. ಅದರಾಗ ಇಬ್ಬರು ಯಾರ ಕಡ್ಯಾವ್ರು ಅಂತ ಎರಡೂ ಮನಿಗೆ ಇನ್ನೂ ತಿಳದಿಲ್ಲ.

ಈ ಸಲ ಅವರು ಬರಾಕ ಹತ್ತಿದ್ದು ಮದುವಿ ವಿಡಿಯೋ ನೋಡಾಕ. ಐದೂವರಿ ತಾಸಿನ ವಿಡಿಯೋ. "ಅಪ್ಪಾ, ಊಟ ಮುಗಿಸೇ ಬರ್ತೀವಿ. ಪಾಪಕಾರ್ನ್ ಅಷ್ಟ ಮಾಡಿಡ್ರಿ, ನಮ್ಮ ಮಾವಾರಿಗೆ ಭಾಳ ಸೇರತಾವು" ಅಂದಿದ್ಲು ಮಗಳು ಐಶ್ವರ್ಯಾ. ಕಡಿಮಿ ಬಿದ್ದೂ ಅಂದ್ರ ಮುಗೀತು. "ನಿನ್ನ ತವರಮನ್ಯಾಗ ಒಂದ ಬೊಗಸಿ ಹುರದ ಅಳ್ಳ ಸುದ್ದಾ ಸಿಗಲಿಲ್ಲವ್ವಾ" ಅನ್ನೂದನ್ನ ಆ ಹುಡುಗಿ ಇದ್ದಷ್ಟು ದಿನ ಕೇಳಬೇಕು.

ಅಂದಾನಪ್ಪ ಮಗ್ಗದ ಮನುಷ್ಯ. ಸೀರಿಗೆ ಎಷ್ಟ ಎಳಿ ಅಂದ್ರ ನಿದ್ದಿಗಣ್ಣಾಗೂ ಹೇಳಾಂವ. ಪಾಪಕಾರ್ನ್ ಮಾತ್ರ ಅವರ ಮನ್ಯಾಗ ಯಾರೂ ಹುರದಿದ್ದಿಲ್ಲ. ಪಂಚಮ್ಯಾಗ ಹುರಿಯೂ ಜೋಳದ ಅಳ್ಳಿನ ಲೆಕ್ಕ ಹಿಡದ.

"ಸೇರ ಜೋಳದ ಅಳ್ಳು ನಾಕ ಮಂದಿಗೆ. ನಲವತ್ತಕ್ಕ ಹತ್ತ ಸೇರು. ಮ್ಯಾಲ ಎರಡ ಇರಲಿ."

"ಮೊದಲ ಒಂದ ಹಿಡಿ ಹುರದ ನೋಡೂಣೇನ್ರಿ?" ಅಂದ್ಲು ಶಾರದವ್ವ.

"ಹಿಡಿ ಹುರದ ನೋಡೂವಂಥಾ ಸಣ್ಣ ಮನಿತನ ಅಲ್ಲ ನಮ್ಮದು."

ಅಂಗಡಿ ಅಲ್ಲಾಉದ್ದೀನ ಪಾಪಕಾರ್ನ್ ಕಾಳು ಅಳತಿ ಮಾಡಕೋತ, "ಟಾಕೀಜ್ ಎಲ್ಲಿ ತಗದ್ರಿ, ಅಂದಾನಪ್ಪಾರ?" ಅಂದ. "ಬೀಗರು ಬರಾಕ ಹತ್ಯಾರ" ಅಂದದ್ದಕ್ಕ ತಾನ ಎರಡ ಬೊಗಸಿ ಜಾಸ್ತಿ ಹಾಕಿದ.

ಮರುದಿನ ಮುಂಜಾನೆ ಒಲಿ ಹಚ್ಚಿದ್ರು. ಮೊದಲನೇ ಸೇರಿಗೆ ದೊಡ್ಡ ಬೋಗೋಣಿ ತುಂಬಿತು. ಎರಡನೇದಕ್ಕ ತಾಮ್ರದ ಹಂಡೆ. ನಾಕನೇದಕ್ಕ ಅಟ್ಟದ ಮ್ಯಾಲಿಂದ ತೊಟ್ಲಾ ಇಳಿಸಿದ್ರು. "ಸಾಕು ಬಿಡ್ರಿ" ಅಂದ್ಲು ಶಾರದವ್ವ. ಅಂದಾನಪ್ಪ ಒಂದ ಬುಟ್ಟಿ ಪೂರಾ ತಿಂದು, ಹೊಟ್ಟಿ ಮ್ಯಾಲ ಕೈಯಾಡಿಸಿ ನೋಡಿಕೊಂಡ. "ಬರೇ ಗಾಳಿ ಇದು. ಎಲ್ಲಿ ಹೋತೋ ಖಬರ ಇಲ್ಲ. ಐದೂವರಿ ತಾಸಿಗೆ ಎಲ್ಲಿ ಮುಟ್ಟತೈತಿ? ಹುರಿ." ಒಂಬತ್ತನೇ ಸೇರಿಗೆ, ಕಾಲ ಇಳಿಬಿಟ್ಟ ಕುಂತು ನೇಯೂ ಮಗ್ಗದ ಕುಣಿ ತುಂಬಿತು. ಹನ್ನೆರಡನೇದಕ್ಕ ಮಗ್ಗದ ಖೋಲಿ ಪೂರಾ ತುಂಬಿ, ಮಗ್ಗ ಮುಳಗಿ, ಸೀರಿ ಕೆಂಪ ಅಂಚ ಅಷ್ಟ ಮ್ಯಾಲ ಕಾಣತಿತ್ತು. ಗಂಡ ಹೆಂಡತಿ ಕೂಡಿ ಬಾಗಲಾ ಒತ್ತಿ ಚಿಲಕ ಹಾಕಿದ್ರು. ಅಂದಾನಪ್ಪ ಬೆವರ ಒರಸಿಕೊಂಡು, "ಟ್ರ್ಯಾಕ್ಟರ್ ಎರಡ ಬಂದ್ರ ಏನ್ ಮಾಡೂದು?" ಅಂದ.

ಮೂರ ಗಂಟೇಕ ಒಂದ ಬೈಕ್ ಬಂತು. ಉಡಚಪ್ಪ, ಹಿಂದ ಐಶ್ವರ್ಯಾ. ಅಂದಾನಪ್ಪ ಓಣಿ ತಿರುವಿನ ತನಕ ಹೋಗಿ ಇಣುಕಿ ನೋಡಿ ಬಂದ. ಹಿಂದ ಯಾರೂ ಇದ್ದಿಲ್ಲ.

"ಉಳದಾವ್ರು ಎಲ್ಲ್ರಿ, ಬೀಗರ?"

ಉಡಚಪ್ಪ ಚಪ್ಪಲಿ ಬಿಡದ ಅಂಗಳದಾಗ ನಿಂತ. "ಯಾವ ಗಾಡಿ ಅಂತ ನೀವು ಕೇಳಿದಾಗ ಮಂದಿ ಎಣಿಸಾಕ ಹತ್ತೀರಿ ಅಂತ ನಮಗ ತಿಳೀತ್ರಿ. ತಯಾರಾಗಿ ಟ್ರ್ಯಾಕ್ಟರ್ ಹತ್ತಿ ಕುಂತಾವ್ರನ್ನ ಇಳಿಸಿ ಬಂದೀನಿ. ನಿಮ್ಮ ಅಳಿಯಂದ್ರನ್ನೂ."

"ಅವರ ಮದುವಿ ವಿಡಿಯೋ ಅಲ್ಲೇನ್ರಿ ಅದು" ಅಂದ್ಲು ಶಾರದವ್ವ.

"ಇರಲಿ ಬಿಡ್ರಿ. ನಿಮ್ಮ ಮಗಳನ್ನ ಬಿಟ್ಟ ಹೋಗಾಕ ಬಂದೀನಿ. ನಾಕ ದಿನ ಇಟಕೋರಿ. ಆಮ್ಯಾಲ ನೋಡೂಣು."

ಐಶ್ವರ್ಯಾ ನೆಲಾ ನೋಡಕೋತ, "ಗಾಡಿ ಕೇಳತಾರೇನಪ್ಪಾ ಯಾರರ" ಅಂದ್ಲು. ಅತ್ತು ಅತ್ತು ಅಕಿ ದನಿ ಕುಂತಿತ್ತು.

ಅಂದಾನಪ್ಪಗ ಮಾತಿಲೆ ಕೆಟ್ಟಿದ್ದು ಮಾತಿಲೆ ಸುಧಾರಿಸೂ ಹಂಗ ಕಾಣಲಿಲ್ಲ. ಬೀಗನ ರಟ್ಟಿ ಹಿಡದು ಮಗ್ಗದ ಖೋಲಿ ಮುಂದ ತಂದು ನಿಲ್ಲಿಸಿ, ಚಿಲಕ ತಗದ.

ಬಾಗಲಾ ತಾನ ತೆರಕೊಂತು. ಪಾಪಕಾರ್ನ್ ಸದ್ದಿಲ್ಲದ ಹೊರಗ ಬಂತು. ಉಡಚಪ್ಪನ ಚಪ್ಪಲಿ ಮುಚ್ಚಿ, ಮೊಣಕಾಲ ಮುಚ್ಚಿ, ಅಂಗಳಕ್ಕ ಇಳದು, ಬೈಕಿನ ಗಾಲಿ ಸುತ್ತಗಟ್ಟಿ ನಿಂತಿತು. ಖೋಲ್ಯಾಗ ಇನ್ನೂ ಎದಿಮಟಾ ಇತ್ತು.

"ಇದಷ್ಟೂ ನಮಗೇನ್ರಿ?" ಅಂದ ಉಡಚಪ್ಪ.

"ಯಾಕ್ರಿ, ಕಡಿಮಿ ಆದೂವೇನು?" ಅಂದ ಅಂದಾನಪ್ಪ.

ಉಡಚಪ್ಪನ ಮುಖದ ಕಳೆ ಇಳೀತು. ಖೋಲಿ ನೋಡಿದ, ಸೊಸಿನ್ನಷ್ಟ ಕೂಡಿಸಿಕೊಂಡ ತಾ ಬಂದಿದ್ದ ಬೈಕ್ ನೋಡಿದ. ಬೆರಳ ಮಡಚಿ ಏನೋ ಎಣಿಸಿದ, ಸಾಲಲಿಲ್ಲ, ಹೊಳ್ಳಿ ಎಣಿಸಿದ. ಅಲ್ಲೇ ಮೊಣಕಾಲುದ್ದ ಅಳ್ಳಿನಾಗ ನಿಂತಕೊಂಡ, ಮಗಗ ಫೋನ್ ಹಚ್ಚಿದ.

"ಲೇ, ಎಲ್ಲಾರನ್ನೂ ಜಲ್ದಿ ಹತ್ತಿಸು. ದಾರ್ಯಾಗ ಯಾರ ಕೈ ಮಾಡಿದ್ರೂ ಹತ್ತಿಸಿಕೋ. ಮಂದಿ ಕಡಿಮಿ ಬಿದ್ರಂದ್ರ ಬೀಗರ ಮುಂದ ನನ್ನ ಮಾನ ಹೋಗತೈತಿ."