ಬರಿಗೈ

ಮಗ ತೀರಿಕೊಂಡ ಸುದ್ದಿಯನ್ನು ರುದ್ರಮ್ಮನಿಗೆ ತಂದವಳು ಸೊಸೆಯೇ. ಲಾರಿ ಬಡಿದವನನ್ನು ಅವಳು ನರ್ಸಾಗಿದ್ದ ಆಸ್ಪತ್ರೆಗೇ ಒಯ್ದಿದ್ದರು.

“ಕೊನೆ ಗಳಿಗೇಲಿ ಹತ್ರ ಯಾರಿದ್ರು?”

“ನಾನೇ ಇದ್ದೆ, ಅತ್ತೆ. ಕೈ ಹಿಡ್ಕೊಂಡೇ ಇದ್ದೆ.”

ಆ ಕೈಯಲ್ಲಿ ಬಳೆ ಇರಲಿಲ್ಲ. ರೋಗಿಗೆ ತಗಲುತ್ತದೆಂದು ತರಬೇತಿಯ ಮೊದಲ ದಿನವೇ ತೆಗೆಸಿದ್ದರು. ಮುತ್ತೈದೆಗೆ ಬರಿಗೈ ಶ್ರೇಯಸ್ಸಲ್ಲವೆಂದು ರುದ್ರಮ್ಮ ಮಗನ ಮದುವೆಯಾದಾಗಿನಿಂದ ಜಗಳವಾಡಿದ್ದಳು. ಮೊಮ್ಮಗಳು ಗಿರಿಜೆ ತಾನೂ ನರ್ಸಿಂಗ್ ಓದುತ್ತೇನೆಂದಾಗ, “ಮನೆಗೆ ಒಂದು ಬರಿಗೈ ಸಾಕು” ಎಂದು ತಡೆದಿದ್ದಳು.

ಹೆಣ ಅಂಗಳಕ್ಕೆ ಬಂತು. ಸೊಸೆಯ ಬಳೆ ಒಡೆಯಲು ಬಂದ ಹೆಂಗಸರು ಮುಖ ಮುಖ ನೋಡಿಕೊಂಡರು.

“ಒಡೆಯೋಕೆ ಬಳೆನೇ ಇಲ್ವಲ್ಲ, ರುದ್ರಕ್ಕ. ಇದಕ್ಕೇ ಹಿಂಗಾಯ್ತೇನೋ.”

“ಮನೇಲಿರೋ ಯಾವ್ದಾದ್ರೂ ಬಳೆ ತೊಡ್ಸಿ ಒಡೆದ್ರಾಯ್ತು, ಬಿಡು” ಎಂದಳು ಇನ್ನೊಬ್ಬಳು.

ರುದ್ರಮ್ಮ ಮೊಮ್ಮಗಳನ್ನು ಹತ್ತಿರ ಕರೆದಳು. “ನಿನ್ನ ಬಳೆ ತೆಗಿ, ಮಗಾ.”

ಗಿರಿಜೆ ಅಳುತ್ತಾ ಒಂದೊಂದೇ ತೆಗೆದು ಕೊಟ್ಟಳು. ಹೆಂಗಸರು ಕೈ ಚಾಚಿದರು. ರುದ್ರಮ್ಮ ಅವನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡಳು.

“ನೀವು ನನ್ನ ಸೊಸೆ ಕೈ ಮುಟ್ಬೇಡ್ರಮ್ಮ. ಗಿರಿಜಾ, ನೀನೂ ನಿಮ್ಮವ್ವನಂಗೆ ನರ್ಸಾಗು” ಎಂದವಳು ಮಗನ ಕಡೆ ತಿರುಗಿ ಕೈಮುಗಿದಳು. “ಶಿವನೇ, ನನ್ನ ಕಂದನ್ನ ನಿನ್ನ ಪಾದದಲ್ಲಿ ನೆಮ್ಮದಿಯಾಗಿಡು.”