ಇನ್ನೊಂದು ಚಮಚ

ಹೊಸ ಇ-ಸಿಗರೇಟು ಒಂದೇ ದಿನ ಹನ್ನೊಂದು ದೇಶಗಳಲ್ಲಿ ಬಿಡುಗಡೆಯಾಗಬೇಕಿತ್ತು. ಅದಕ್ಕೆ ರುಚಿ ಬೆರೆಸಲೆಂದು ವಾರಿಜಾಳನ್ನು ಔಷಧ ಕಂಪನಿಯ ಕೆಲಸ ಬಿಡಿಸಿ ದುಬೈಗೆ ಕರೆಸಿಕೊಂಡಿದ್ದರು. ಸಿಗರೇಟು ಬಿಡಲಾಗದೆ ಕೆಮ್ಮಿ ಕೆಮ್ಮಿ ಗಂಡ ಕಣ್ಣುಮುಚ್ಚಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಸಂಕಟದಲ್ಲೇ ಅವಳು ಮೊದಲ ದಿನ ಹೊಸ ಕಂಪನಿಯ ನಿರ್ದೇಶಕರನ್ನು ಕೇಳಿದ್ದಳು.

“ಇದನ್ನ ಸೇದೋರು ಯಾರು ಸಾರ್?”

“ಸಿಗರೇಟು ಬಿಡೋಕೆ ಒದ್ದಾಡ್ತಿರೋ ದೊಡ್ಡೋರಮ್ಮ. ಹದಿನೆಂಟರ ಒಳಗಿನೋರಿಗೆ ಮಾರೋ ಹಾಗೇ ಇಲ್ಲ. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಹಾಕಿಸ್ತೀವಿ.”

ಆ ಮಾತು ನಂಬಿ ಅವಳು ಹಗಲೆಲ್ಲ ಪ್ರಯೋಗಾಲಯದಲ್ಲೇ ಕೂತಳು. ಗಂಡ ಇದ್ದಿದ್ದರೆ ಯಾವುದನ್ನು ಮೆಚ್ಚಿ ಸಿಗರೇಟು ಬಿಡುತ್ತಿದ್ದ ಎಂದು ಯೋಚಿಸಿ ಯೋಚಿಸಿ ಹೊಗೆಸೊಪ್ಪು, ಕಾಫಿ, ಲವಂಗದ ರುಚಿಗಳನ್ನು ಹದಕ್ಕೆ ತಂದಳು. ನಿರ್ದೇಶಕರು ಒಂದೊಂದನ್ನೂ ಒಂದು ದಮ್ಮು ಎಳೆದು ನೋಡಿ ಪಕ್ಕಕ್ಕೆ ಸರಿಸಿದರು.

“ಚೆನ್ನಾಗೇನೋ ಇವೆ. ಆದ್ರೆ ಇಂಥವನ್ನ ಮಾಡಿಕೊಡೋರು ಬೇಕಾದಷ್ಟು ಜನ ಸಿಗ್ತಾರೆ.”

“ಮತ್ತೆ ನನ್ನನ್ನೇ ಯಾಕೆ ಹುಡುಕಿಕೊಂಡು ಬಂದ್ರಿ ಸಾರ್?”

ಅವರು ಮೇಜಿನ ಡ್ರಾಯರ್ ಎಳೆದು ಪುಟ್ಟ ಬಾಟಲಿಯೊಂದನ್ನು ಅವಳ ಮುಂದಿಟ್ಟರು. ಹಳೆಯ ಕಂಪನಿಯಲ್ಲಿ ಅವಳೇ ರುಚಿ ಬೆರೆಸಿದ್ದ, ಕಿತ್ತಳೆ ಬಣ್ಣದ ಜ್ವರದ ಸಿರಪ್ಪು ಅದು.

“ನನ್ನ ಐದು ವರ್ಷದ ಮಗಳಿಗೆ ಜ್ವರ ಬಿಟ್ಟು ವಾರ ಆದ್ರೂ, ಇನ್ನೊಂದು ಚಮಚ ಕೊಡು ಅಂತ ಅಳ್ತಾಳಮ್ಮ. ನನಗೆ ಆ ರುಚಿ ಬೇಕು.”